ನೆಲ ಮುಟ್ಟದ ಕಂಬ

ಹಾರೆ ಈ ಸಲ ಬೇರೆ ದನಿ ಮಾಡಿತು, ಧಪ್ ಅನ್ನಬೇಕಿದ್ದದ್ದು ಧಂ ಎಂದಿತು, ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು — ಮೊನ್ನೆಯಿಂದ ಐದು ಕುಣಿ ತೋಡಿದ್ದೇನೆ, ಐದರದ್ದೂ ಒಂದೇ ರೀತಿ, ಮೇಲಿನ ಒಂದು ಮೊಳ ಎರೆಮಣ್ಣು, ಅದು ದನಿಯನ್ನೇ ಮಾಡುವುದಿಲ್ಲ, ಹಾರೆ ಹೋಗಿ ಸುಮ್ಮನೆ ಕೂತುಬಿಡುತ್ತದೆ, ಆಮೇಲೆ ಗರಸು, ಆ ಗಟ್ಟಿ ಕಲ್ಲುಮಣ್ಣು, ಹತ್ತಿದ ಕೂಡಲೇ ತಿರುಗಿ ಕೈಗೆ ಒದೆಯುತ್ತದೆ, ಒದೆಯಬೇಕು, ಒದ್ದರೇ ಕಂಬಕ್ಕೆ ಕ್ಷೇಮ — ಈ ಆರನೆಯದರಲ್ಲೂ ಗರಸು ಹತ್ತಿದೆ, ಕೆಂಪಗೆ ಕಾಣುತ್ತಿದೆ, ಒದೆತ ಮಾತ್ರ ಇಲ್ಲ, ಏನಿದು, ಇನ್ನೊಮ್ಮೆ ಹಾಕಿ ನೋಡೋಣ, ಮೆಲ್ಲಗೆ, ಧಂ, ಒಂದು ಗೇಣು ಆ ಕಡೆ, ಧಂ, ಚಾವಡಿಯ ಕಡೆಗೆ ಸರಿದು, ಧಪ್, ಹಾಂ, ಅಲ್ಲಿ ಸರಿಯಾಗಿದೆ, ಇಲ್ಲಿ ಇಲ್ಲ, ಹಾಗಾದರೆ ಇದಕ್ಕೊಂದು ಅಂಚು ಇದೆ. ಅಂಚಿದ್ದರೆ ಅದಕ್ಕೊಂದು ಆಕಾರವೂ ಇರಬೇಕು. ಕುಣಿಯಲ್ಲಿ ಮೊಣಕಾಲೂರಿ ಕಿವಿಯನ್ನು ನೆಲಕ್ಕೆ ಹಚ್ಚಿದ್ದೇನೆ, ನನ್ನ ಕೈಯಾಳು ದುರುಗಪ್ಪ ನೋಡಿದರೆ ನಗುತ್ತಾನೆ, ಅವನು ಆ ತುದಿಯಲ್ಲಿ ಮೊದಲನೇ ಕಂಬದ ಸುತ್ತ ದಿಮ್ಮಿಯಿಂದ ಕುಟ್ಟುತ್ತಿದ್ದಾನೆ, ಕುಟ್ಟಲಿ, ಮನೆಯಲ್ಲೂ ಇದೇ ಮಾತು, ನಿನಗ ಮಾಡಾಕ ಕೆಲಸಿಲ್ಲೇನು, ಕುಣಿ ಅಂದ್ರ ಕುಣಿ, ಅದರ ದನಿ ತಗೊಂಡು ಏನ್ ಮಾಡ್ತಿ, ಅನ್ನುತ್ತಾಳೆ ಕಳಕಮ್ಮ, ನನ್ನ ಹೆಂಡತಿ, ಮದುವೆಯಾದ ಹೊಸದರಲ್ಲಿ ಅವಳ ತವರಿಗೆ ಹೋದಾಗ ಮಾವನ ಮನೆಯ ಕಂಬಗಳನ್ನೆಲ್ಲ ಬೆರಳ ಗಂಟಿನಿಂದ ಬಡಿದು ನೋಡಿ, ಮಾವಾರ, ಇದರೊಳಗ ಗೆದ್ದಲ ಹೊಕ್ಕೈತ್ರಿ ಅಂದವನು ನಾನು, ಊಟಕ್ಕೆ ಕೂತವರೆಲ್ಲ ಎದ್ದು ಹೊರಗೆ ಹೋಗಿದ್ದರು. ಬಡಿಗ ಮಾನಪ್ಪ ಎಂದರೆ ನಮ್ಮ ಈ ಎರೆಸೀಮೆಯ ಮಂಗಳೂರಿನಲ್ಲಿ, ಕಡಲ ದಂಡೆಯದಲ್ಲ, ಬಡಿಯುವವ ಅಂತಲೇ ಲೆಕ್ಕ, ಕಟ್ಟಿಗೆ ಬಡಿಯುತ್ತಾನೆ, ಗೋಡೆ ಬಡಿಯುತ್ತಾನೆ, ಗಡಿಗೆ ಕೊಳ್ಳುವ ಹೆಂಗಸರು ನನ್ನನ್ನೇ ಕರೆದು ಬಡಿಸುತ್ತಾರೆ.

ನೆಲದ ಬುದ್ಧಿ ನನಗೆ ಗೊತ್ತು ಅಂತ ನಾನು ತಿಳಿದಿದ್ದೇನೆ, ತಿಳಿದದ್ದು ಸುಮ್ಮನೆ ಅಲ್ಲ — ನಮ್ಮ ಹಿತ್ತಲಲ್ಲಿ ಎರೆಮಣ್ಣಿನಲ್ಲೇ ಒಂದು ಜಾಲಿ ಕಂಬ ನೆಟ್ಟು ನೆಲದ ಸಮಕ್ಕೆ ಉಳಿಯಿಂದ ಒಂದು ಗೀರು ಹಾಕಿಟ್ಟೆ, ಆಗ ನನಗೆ ಇಪ್ಪತ್ತೈದು ಇರಬೇಕು, ಪ್ರತಿ ವರ್ಷ ದೀಪಾವಳಿಗೆ ಹೋಗಿ ನೋಡುವುದು, ಮೊದಲನೇ ವರ್ಷ ಗೀರು ಅರ್ಧ ಬೆರಳು ಮೇಲೆ ಬಂದಿತ್ತು, ಎರಡನೇ ವರ್ಷ ಒಂದು ಬೆರಳು, ಆರನೇ ವರ್ಷಕ್ಕೆ ನಾಲ್ಕು ಬೆರಳು, ಯಾರೂ ಕಿತ್ತಿಲ್ಲ, ಯಾರೂ ಮುಟ್ಟಿಲ್ಲ, ಕಂಬ ತಾನಾಗಿ ನೆಲದಿಂದ ಎದ್ದು ಬರುತ್ತಿದೆ, ಎಷ್ಟು ಸಂತೋಷವಾಗಿತ್ತು ನನಗೆ, ಊರಲ್ಲಿ ಹೇಳಿದರೆ ಒಬ್ಬನೂ ನಂಬಲಿಲ್ಲ, ಎರೆಮಣ್ಣು ಮಳೆಗೆ ಉಬ್ಬುತ್ತದೆ, ಉಬ್ಬುವಾಗ ಕಂಬವನ್ನು ಹಿಡಿದುಕೊಂಡೇ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬಿರಿದಾಗ ಕಂಬದ ಬುಡಕ್ಕೆ ಮಣ್ಣು ಉದುರುತ್ತದೆ, ಮತ್ತೆ ಉಬ್ಬಿದರೆ ಕಂಬಕ್ಕೆ ಇಳಿಯಲು ಜಾಗವಿಲ್ಲ, ಇಷ್ಟೇ. ಅದಕ್ಕೇ ಎರೆಯನ್ನು ದಾಟಿ ಗರಸಿಗೆ ಇಳಿಯಬೇಕು, ಮೂರು ಮೊಳ, ತಳದಲ್ಲಿ ಚಪ್ಪಟೆ ಕಲ್ಲು, ಕಂಬದ ಬುಡವನ್ನು ಒಂದು ಬೆರಳು ಕಪ್ಪಾಗುವವರೆಗೆ ಸುಟ್ಟು ಬೇವಿನೆಣ್ಣೆ ಕುಡಿಸಿರಬೇಕು, ಸುತ್ತ ಗರಸು ಮತ್ತು ಬೆಣಚುಕಲ್ಲು, ಗೇಣಿಗೊಮ್ಮೆ ಕುಟ್ಟಬೇಕು, ತೋಡಿದ ಎರೆಮಣ್ಣನ್ನು ತಿರುಗಿ ಕುಣಿಗೆ ಹಾಕುವವನ ಕೈ ಕಡಿಯಬೇಕು, ದುರುಗಪ್ಪ ಮೊನ್ನೆ ಹಾಕಹೊರಟಿದ್ದ, ಬೈದೆ, ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಗುಂಡಿನ ದಾರ, ಕಂಬದ ನೆತ್ತಿಯಿಂದ ಇಳಿಬಿಟ್ಟು ಅದು ತೂಗಾಡಿ ತೂಗಾಡಿ ನಿಲ್ಲುವವರೆಗೆ ಕಾಯಬೇಕು, ನಿಂತ ದಾರ ಸುಳ್ಳು ಹೇಳುವುದಿಲ್ಲ, ಅದು ನಿಂತಿತೆಂದರೆ ನನಗೆ ಪ್ರತಿಸಲ ಒಂದು ದೀಪ ಕಾಣುತ್ತದೆ, ದಾರದ ತುದಿಯಲ್ಲಿ ಗುಂಡಿನ ಬದಲು ದೀಪ — ಬೇಡ, ಈಗ ಬೇಡ, ಕುಣಿ ನೋಡು.

ಗೌಡರು, ವಿರೂಪಾಕ್ಷಪ್ಪಗೌಡರು, ಐದು ದಿನದ ಹಿಂದೆ ಕರೆಸಿ ಹೇಳಿದ್ದು, ಬಡಿಗೇರ, ಲೆವಿ ಜೋಳ ಒಟ್ಟಾಕ ಚಾವಡಿ ಮುಂದ ಒಂದು ಅಟ್ಟ ಆಗಬೇಕು, ಆರು ಕಂಬ, ಸೊಂಟದ ಮಟ, ಮ್ಯಾಲ ಹಲಗಿ, ಇಲಿ ಹತ್ತಬಾರದು, ಗೆದ್ದಲ ಹತ್ತಬಾರದು, ಅಳತಿ ಎಲ್ಲಾ ಲೆವಿ ಸಾಹೇಬ್ರ ಕಾಗದದಾಗ ಐತಿ. ಎಲ್ಲೋ ಲಡಾಯಿ ನಡೆದಿದೆಯಂತೆ, ಊರೂರಿನ ಜೋಳ ಬೇಕಂತೆ, ಇಷ್ಟು ಎಕರೆಗೆ ಇಷ್ಟು ಅಂತ ಕೊಡಲೇಬೇಕಂತೆ — ಬಿಳಿ ಸಿಪಾಯಿಗಳು ರೊಟ್ಟಿ ತಿನ್ನುತ್ತಾರೆಯೇ, ತಿಂದರೆ ಯಾರು ತಟ್ಟಿಕೊಡುತ್ತಾರೆ, ಗೌಡರನ್ನು ಕೇಳಿದೆ, ನೀ ಕಂಬ ನೆಡಪಾ ಅಂದರು. ಊರವರೆಲ್ಲ ಸಾಹೇಬರ ಮುಂದೆ ಒಂದೇ ಮಾತು ಆಡಬೇಕೆಂದು ಮೊದಲೇ ಆಗಿತ್ತು, ಕೊಡುವಷ್ಟು ಕೊಟ್ಟಿದ್ದೇವೆ, ಮನೆಯಲ್ಲಿ ಕಾಳಿಲ್ಲ. ಇದರಿಂದ ಮೊನ್ನೆ ಒಂದು ಫಜೀತಿ ಆಯಿತು, ಮೊದಲನೇ ಕುಣಿಯ ಪೂಜೆಗೆ ಮುತ್ತೈದೆ ಬಂದು ಒಂದು ಮುಷ್ಟಿ ಜೋಳ ಹಾಕಬೇಕು, ಹಾಕದೆ ಕಂಬ ಇಳಿಸುವಂತಿಲ್ಲ, ಕಳಕಮ್ಮ ಅರಿಷಿಣ ಕುಂಕುಮ ಹಿಡಿದು ನಿಂತಿದ್ದಾಳೆ, ಜೋಳ ಯಾರು ತರಬೇಕು, ತಂದರೆ ಅವರ ಮನೆಯಲ್ಲಿ ಜೋಳ ಇದೆ ಅಂತಾಯಿತಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಮ್ಮ ಮನ್ಯಾಗಂತೂ ಒಂದು ಕಾಳಿಲ್ಲಪ್ಪ ಎಂದು ಹಗೇವುಗಳಲ್ಲಿ ಇಪ್ಪತ್ತು ಇಪ್ಪತ್ತು ಚೀಲ ಇಟ್ಟವರೇ ಹೇಳಿದರು, ಗೌಡರು ಮೀಸೆಯೊಳಗೆ ನಕ್ಕು, ಹೆಸರುಕಾಳ ಹಾಕ್ರಿ, ದೇವರು ತಗೋತಾನ ಅಂದರು. ಹಾಗೆ ಹೆಸರುಕಾಳಿನ ಮೇಲೆ ನಿಂತ ಅಟ್ಟ ಇದು.

ಹಗೇವು ಅಂದೆನಲ್ಲ. ಒಂದು ನಿಮಿಷ ತಡೆ. ಎಡಗಡೆ ಹಂಪವ್ವನ ಮನೆಯ ಮೋಟುಗೋಡೆ, ಗೋಡೆಯ ಆಚೆ ದನ ನೀರು ಕುಡಿಯುವ ಕಲ್ಲುಬಾನಿ, ಆ ಬಾನಿ ಅಲ್ಲಿ ಮೊದಲು ಇರಲಿಲ್ಲ, ಮೊದಲು ಅಲ್ಲಿದ್ದದ್ದು ಹಗೇವಿನ ಬಾಯಿ, ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಹೊಟ್ಟೆ ಮಾತ್ರ ದೊಡ್ಡದು, ಗರಸಿನಲ್ಲಿ ತೋಡಿದ ನೆಲದೊಳಗಿನ ಕಣಜ, ಅದರ ಹೊಟ್ಟೆ ಗೋಡೆ ದಾಟಿ ಚಾವಡಿಯ ಜಾಗದ ಕೆಳಗೂ ಬಂದಿದ್ದರೆ ನಾನು ಈಗ ಮೊಣಕಾಲೂರಿದ್ದು ಅದರ ನೆತ್ತಿಯ ಮೇಲೆ. ಆದರೆ ಅದನ್ನು ಕಲ್ಲು ಮಣ್ಣು ಹಾಕಿ ಮುಚ್ಚಿದ್ದಾರಲ್ಲ, ಊರೇ ನಿಂತು ಮುಚ್ಚಿಸಿತು ಅಂತಾರಲ್ಲ, ನಾನು ನೋಡಲಿಲ್ಲ, ನಾನು ಆಗ ಎರಡು ತಿಂಗಳು ಈ ಕಡೆ ಹಾಯಲಿಲ್ಲ. ಹನ್ನೆರಡು ವರ್ಷವಾಯಿತು. ಹುಲಗಪ್ಪ, ಹಂಪವ್ವನ ಗಂಡ, ನನ್ನ ವಾರಿಗೆಯವ, ಸಣ್ಣವರಿದ್ದಾಗಿನಿಂದ ಜೊತೆ, ಜೋಳ ತೆಗೆಯಬೇಕಾಗಿತ್ತು, ಬಾಯಿ ತೆಗೆದು ಒಂದು ದಿನ ಪೂರಾ ಬಿಡಬೇಕು, ಒಳಗೆ ಕಾಳಿನ ಕಾವು ಇರುತ್ತದೆ, ಉಸಿರು ಕಟ್ಟಿಸುವ ಕಾವು, ಆಮೇಲೆ ದೀಪ ಇಳಿಬಿಡಬೇಕು, ದೀಪ ಉರಿದರೆ ಮನುಷ್ಯ ಇಳಿಯಬಹುದು, ದೀಪ ಆರಿದರೆ ಇನ್ನೂ ಒಂದು ದಿನ, ಇದು ಎಲ್ಲರಿಗೂ ಗೊತ್ತು, ನಾವು ಮುಂಜಾನೆ ತೆಗೆದು ಮಧ್ಯಾಹ್ನಕ್ಕೇ ದೀಪ ಬಿಟ್ಟೆವು, ಚಿಮಣಿ ಬುಡ್ಡಿ, ಹಗ್ಗ ನನ್ನ ಕೈಯಲ್ಲಿ, ಅವನು ಬಾಯಿಯ ಆಚೆ ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ, ದೀಪ ಇಳಿಯಿತು, ಇಳಿಯಿತು, ಆರಿತು, ಯಾಕೋ ಮಾನಪ್ಪ, ಆರಿತಲ್ಲ, ಅಂದ, ಗಾಳಿಗಿ ಆರೈತಿ, ಇಳಿ, ಅಂದೆ. ಗಾಳಿ ಇತ್ತು, ಹೌದು, ಆ ದಿನ ಗಾಳಿ ಇತ್ತು, ಹಂಪವ್ವನ ಬೇವಿನಮರ ಅಲುಗುತ್ತಿತ್ತು, ಅದು ಚೆನ್ನಾಗಿ ನೆನಪಿದೆ. ಅವನು ಇಳಿದು, ಎರಡು ಹೆಜ್ಜೆ ಇಟ್ಟು, ಏನೋ ಹೇಳಲು ಮುಖ ಎತ್ತಿದ, ಅಲ್ಲೇ ಕುಸಿದ. ಬಾವಿಯ ಕೊಡ ತೆಗೆಯುವ ಪಾತಾಳಗರಡಿ ಹಾಕಿ ಎತ್ತಿದರು, ನಾನು ಇಳಿಯುತ್ತೇನೆ ಅಂತ ಒದ್ದಾಡಿದೆ, ನಾಲ್ಕು ಜನ ಹಿಡಿದುಕೊಂಡರು, ಹಂಪವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು, ಸಣ್ಣ ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ.

ಹಂಪವ್ವ ಈಗ ಬಾಗಿಲಲ್ಲಿ ನಿಂತಿದ್ದಾಳೆ. ಎಷ್ಟು ಹೊತ್ತಾಯಿತೋ ನಿಂತು, ಮೊರ ಹಿಡಿದಿದ್ದಾಳೆ, ಮೊರದಲ್ಲಿ ಏನೂ ಇಲ್ಲ, ಬರೀ ಮೊರವನ್ನು ಯಾಕೆ ಕೇರುತ್ತಿದ್ದಾಳೆ. ಹಂಪವ್ವ, ಇಲ್ಲಿ ನೆಲ ಪೊಳ್ಳೈತಲ್ಲ, ನಿಮ್ಮ ಹಗೇವ ಮುಚ್ಚಿಸಿದ್ರಿ ಹೌದಿಲ್ಲ, ಎಂದು ಕೇಳಲು ಬಾಯಿ ತೆರೆದೆ, ಅವಳ ಕಣ್ಣು ನೋಡಿ ಬಾಯಿ ಮುಚ್ಚಿದೆ. ಕೇಳದಿದ್ದರೂ ನೋಡಬಹುದಲ್ಲ, ನೋಡುವುದರಲ್ಲಿ ತಪ್ಪೇನಿದೆ, ಇದು ನನ್ನ ಹಳೇ ರೋಗ, ಬೆರಳು ಗಾತ್ರದ ಸಲಾಕೆ ತೆಗೆದುಕೊಂಡು ಕುಣಿಯ ತಳಕ್ಕೆ ಇಟ್ಟು ಕೊಡತಿಯಿಂದ ಮೆಲ್ಲಗೆ ಹೊಡೆದೆ, ಒಂದು ಗೇಣು ಇಳಿಯಿತು, ಒಂದೂವರೆ ಗೇಣು, ಆಮೇಲೆ ಹೊಡೆತವೇ ಬೇಕಾಗಲಿಲ್ಲ, ಸಲಾಕೆ ಸರ್ರನೆ ಜಾರಿ ಏನೋ ಮೆತ್ತಗಿನದರೊಳಗೆ ಹೊಕ್ಕು ನಿಂತಿತು, ಪೊಳ್ಳಾಗಿದ್ದರೆ ಬೀಳಬೇಕಿತ್ತು, ಕಲ್ಲಾಗಿದ್ದರೆ ತಡೆಯಬೇಕಿತ್ತು, ಇದು ಎರಡೂ ಅಲ್ಲ, ಎಷ್ಟು ಚೆಂದದ ಒಗಟು, ಹೊರಗೆಳೆದೆ, ತುದಿಗೆ ಒಂದು ಎಳೆ ಹುಲ್ಲು, ಕಾಳಿನ ಮೇಲೆ ಹೊದಿಸುವ ಹುಲ್ಲು, ಹುಲ್ಲಿಗೆ ಅಂಟಿದ ಒಂದೇ ಒಂದು ಬಿಳಿಜೋಳದ ಕಾಳು, ತೂತಿಗೆ ಅಂಗೈ ಹಿಡಿದೆ, ಬೆಚ್ಚಗಿನ ಉಸಿರು, ಹಗೇವಿನ ವಾಸನೆ, ಹನ್ನೆರಡು ವರ್ಷದ ಹಿಂದಿನ ಅದೇ ವಾಸನೆ. ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದೆ, ಕಟ್ಟೆಂದಿತು, ಈ ವರ್ಷದ್ದೇ ಕಾಳು. ಹಂಪವ್ವ, ಹಂಪವ್ವ, ಊರು ಹಾಕಿಸಿದ ಕಲ್ಲು ಮಣ್ಣು ಯಾವಾಗಲೋ ತೆಗೆದು, ಗಂಡ ಸತ್ತ ಹಗೇವಿಗೆ ಜೋಳ ತುಂಬಿ ಬಾಯಿ ಮೆತ್ತಿ ಮೇಲೆ ಬಾನಿ ಎಳೆದಿದ್ದೀಯಲ್ಲ, ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲದಂತೆ, ಅಲ್ಲಿ ಯಾರೂ ಹುಡುಕುವುದಿಲ್ಲ ಅಂತ, ಹುಡುಕಲು ಯಾರಿಗೂ ಧೈರ್ಯ ಬರುವುದಿಲ್ಲ ಅಂತ. ಗೇಣಿಗೆ ಹಿಡಿದ ಲಾವಣಿ ಹೊಲ ನಾಲ್ಕೆಕರೆ, ಅವಳು ಮತ್ತು ಎರಡು ಹೆಣ್ಣುಮಕ್ಕಳು, ಸರ್ಕಾರದ ಪಾಲು ಆಗಲೇ ಅಳೆದು ಕೊಟ್ಟಿದ್ದಾಳೆ, ಉಳಿದದ್ದು ಇದು, ಇದು ಹೋದರೆ ಮುಂದಿನ ಸುಗ್ಗಿಯವರೆಗೆ ಆ ಮನೆಯಲ್ಲಿ ರೊಟ್ಟಿ ಇಲ್ಲ. ಇದರ ನೆತ್ತಿಯ ಮೇಲೆ ನಾನು ಕಂಬ ನೆಟ್ಟು ಮೇಲೆ ಚೀಲ ಒಟ್ಟಿದರೆ ಒಂದೂವರೆ ಗೇಣಿನ ಗರಸು ಎಷ್ಟು ದಿನ ತಡೆದೀತು, ಒಂದು ದಿನ ಕಂಬ ಕೆಳಕ್ಕೆ ಹೋಗುತ್ತದೆ, ಅಟ್ಟ ವಾಲುತ್ತದೆ, ಏನಾಯಿತೆಂದು ಎಲ್ಲರೂ ಕುಣಿಯೊಳಗೆ ಇಣುಕುತ್ತಾರೆ. ಹಸಿ ಜೇಡಿಯಿಂದ ತೂತು ಮೆತ್ತಿ ಮೇಲೊಂದು ಬೇವಿನ ಗೂಟ ಬಡಿದೆ, ಒಳಗೆ ಗಾಳಿ ಹೊಕ್ಕರೆ ಕಾಳು ಕೆಡುತ್ತದೆ. ತಲೆ ಎತ್ತಿದಾಗ ಅವಳು ಮೊರ ಕೆಳಗಿಟ್ಟು ಬಾಗಿಲ ಚೌಕಟ್ಟು ಹಿಡಿದಿದ್ದಳು. ಆ ಚೌಕಟ್ಟು ನಾನೇ ಮಾಡಿಕೊಟ್ಟದ್ದು, ಹನ್ನೆರಡು ವರ್ಷದಲ್ಲಿ ಒಂದು ಚೌಕಟ್ಟು, ಸಣ್ಣವಳ ತೊಟ್ಟಿಲು ರಿಪೇರಿ, ಒಂದು ನೇಗಿಲು, ಅವಳೇನೂ ಕೇಳಿದ್ದಲ್ಲ.

ಯಾಕ ನಿಂತಿ ಬಡಿಗೇರ, ಗೌಡರು, ಕೈಯಲ್ಲಿ ಸಾಹೇಬರ ಕಾಗದ, ಗೌಡ್ರ, ಈ ಕಂಬ ಎರಡು ಮೊಳ ಈ ಕಡೆ ಸರಿಸೋಣೇನ್ರಿ, ಯಾಕ, ಇಲ್ಲಿ ಬೇವಿನ ಬೇರು ಅಡ್ಡ ಬಂದಾವ್ರಿ, ಸುಳ್ಳು, ಬಾಯಿಗೆ ಬಂದ ಮೊದಲ ಸುಳ್ಳು, ಬೇರು ಕಡಿ, ಅಳತಿ ಅಳತೀನ, ಈ ಕಡೆ ಬಂಡಿ ತಿರುಗಬೇಕು, ನಾಳೆ ಹೊತ್ತೇರೋದರಾಗ ಸಾಹೇಬ್ರು ಬರ್ತಾರ, ನಿನ್ನ ಕಂಬ ಅಂದ್ರ ಕಲ್ಲಿನ ಗುಡಿ ಕಂಬ ಅಂತ ಅವರಿಗಿ ಹೇಳೀನಿ, ಇನ್ನೊಂದು ಮೊಳ ಆಳಾಗಿ ಅಗಿ. ಆಳಾಗಿ ಅಗಿ. ಹೋದರು. ಇನ್ನೊಂದು ಮೊಳ ಅಗೆದರೆ ನಾನು ಜೋಳದಲ್ಲಿ ನಿಲ್ಲುತ್ತೇನೆ. ಗೌಡರಿಗೆ ಗುಟ್ಟಾಗಿ ಹೇಳಬಹುದು, ಅವರದ್ದೂ ಎರಡು ಹಗೇವು ಇವೆ, ಆದರೆ ಗುಟ್ಟು ಗೌಡರಿಂದ ಗೌಡತಿಗೆ, ಗೌಡತಿಯಿಂದ ನೀರಿಗೆ ಬಂದವರಿಗೆ, ಬೇಡ. ಕೂತು ಯೋಚಿಸಿದೆ, ಬೀಡಿ ಹಚ್ಚಿದೆ, ಆರಿತು, ಮತ್ತೆ ಹಚ್ಚಿದೆ. ಕಂಬ ಯಾತಕ್ಕೆ ಬೇಕು, ಭಾರ ಹೊರಲು, ಭಾರ ಬೇರೆಯವರು ಹೊತ್ತರೆ ಇವನು ಸುಮ್ಮನೆ ನಿಂತಿರಬಹುದು, ನಿಂತ ಹಾಗೆ ಕಾಣಬಹುದು — ತೊಲೆ ಬೇವಿನದು, ಒಂದೇ ಮರದ್ದು, ಈ ಸಾಲಿನ ಮೂರೂ ಕಂಬಗಳ ಮೇಲೆ ಹಾಯ್ದು ಬರುತ್ತದೆ, ಅದರ ಬಾಲ ಆ ತುದಿಯ ಕಂಬದ ಮೇಲೆ ಗಟ್ಟಿಯಾಗಿ ಕೂತಿದ್ದರೆ, ನಡುಗಂಬದಿಂದ ಒಂದು ಓರೆಗಟ್ಟಿಗೆ ಮೇಲಕ್ಕೆ ಆನಿಸಿದರೆ, ಈ ಮೂಲೆ ತಾನಾಗಿ ಗಾಳಿಯಲ್ಲಿ ನಿಲ್ಲುತ್ತದೆ, ಆರನೇ ಕಂಬ ತೊಲೆಯನ್ನು ಹೊರುವುದಿಲ್ಲ, ತೊಲೆಯೇ ಕಂಬವನ್ನು ಹೊರುತ್ತದೆ. ಕಂಬವನ್ನು ತೊಲೆಗೆ ನೇತುಹಾಕುವುದು. ಅಯ್ಯಪ್ಪ, ಎಂಥಾ ಮಾತು, ಮೈಯೆಲ್ಲ ಜುಂ ಎಂದಿತು, ಇಂಥದ್ದನ್ನು ಯಾರಾದರೂ ಮಾಡಿದ್ದಾರೆಯೇ, ಆಗುತ್ತದೆಯೇ, ಎಷ್ಟು ಭಾರಕ್ಕೆ ಎಷ್ಟು ಬಾಗೀತು, ಅಪ್ಪ ಬದುಕಿದ್ದರೆ ಕೇಳಬಹುದಿತ್ತು, ಕೇಳಿದ್ದರೆ ಉಳಿಯ ಹಿಡಿಯಿಂದ ತಲೆಗೆ ಹೊಡೆಯುತ್ತಿದ್ದ, ನೆಲ ಮುಟ್ಟದ ಕಂಬ ನೆಡತೀಯೇನೋ, ಬಡಿಗೇರ ಮನಿತನದಾಗ ಹುಟ್ಟಿ.

ಈ ಕುಣಿ ನಾನ ನೋಡ್ಕೋತೀನಿ, ನೀ ಹಲಗಿ ಹೊರಸು, ಎಂದು ದುರುಗಪ್ಪನನ್ನು ಕಳಿಸಿದೆ. ಕಂಬದ ಬುಡ ಒಂದು ಮೊಳಕ್ಕಿಂತ ಹೆಚ್ಚು ಕೊಯ್ದೆ, ಸುಟ್ಟು ಎಣ್ಣೆ ಕುಡಿಸಿದ ಬುಡ, ಎರಡು ದಿನದ ಕೆಲಸ, ಕೊಯ್ದ ತುಂಡನ್ನು ಗೋಣಿಯಲ್ಲಿ ಸುತ್ತಿಟ್ಟೆ. ತಲೆಗೆ ಕಚ್ಚು ಕೆತ್ತಿ ತೊಲೆಯಲ್ಲಿ ಕೂರಿಸಿ ಅಡ್ಡಬೆಣೆ ಎರಡು, ಕೆಳಗೆ ಜಾರದಂತೆ, ಬಿಟ್ಟರೆ ಬಾವಿಯ ಹಗ್ಗದಂತೆ ಇಳಿಬಿದ್ದಿದೆ, ಬುಡಕ್ಕೂ ಕುಣಿಯ ತಳಕ್ಕೂ ನಡುವೆ ಒಂದು ಗೇಣು ಗಾಳಿ. ಗುಂಡಿನ ದಾರ ಇಳಿಬಿಟ್ಟೆ, ನೇತಾಡುವ ಕಂಬಕ್ಕೆ ನೇತಾಡುವ ದಾರ, ಎರಡೂ ನಿಂತವು, ನೆಟ್ಟಗೆ, ಒಂದಕ್ಕೊಂದು ಸಮ, ಮತ್ತೆ ದೀಪ ಕಂಡಿತು, ಇಳಿಯಿತು, ಇಳಿಯಿತು, ಗಾಳಿಗೆ ಆರಿತು. ಬುಡದ ಕೆಳಗೆ ಜಾರದಂತೆ ಹಲಗೆ ಚೂರು ಸುತ್ತಿಟ್ಟು ಮೇಲೆ ಸಡಿಲ ಗರಸು ಸುರಿದೆ, ಕುಟ್ಟಲಿಲ್ಲ, ಕುಟ್ಟುವ ಹಾಗೆ ದನಿ ಮಾತ್ರ ಮಾಡಿದೆ, ದಿಮ್ಮಿಯನ್ನು ಪಕ್ಕದ ಕಲ್ಲಿಗೆ ಬಡಿದು ಬಡಿದು, ಮೂವತ್ತು ವರ್ಷ ಕಂಬ ನೆಟ್ಟವನು ಕಲ್ಲು ಬಡಿಯುತ್ತಾ ಕೂತಿದ್ದೇನೆ, ಬೆವರು, ನಾಚಿಕೆ, ಜೊತೆಗೆ ಒಳಗೆಲ್ಲೋ ಹುಡುಗನಂಥ ಹಿಗ್ಗು. ಸಂಜೆ ಗೌಡರು ಬಂದು ಆರೂ ಕಂಬ ಹಿಡಿದು ಅಲುಗಿಸಿದರು, ಐದನೆಯದು ಅಲುಗಲಿಲ್ಲ, ಆರನೆಯದೂ ಅಲುಗಲಿಲ್ಲ, ಇದು ಎಲ್ಲಕ್ಕಿಂತ ಛಲೋ ಕುಂತೈತಿ ನೋಡು ಅಂದರು. ಹೌದ್ರಿ ಅಂದೆ.

ಮರುದಿನ ಸಾಹೇಬರು ಕುದುರೆ ಟಾಂಗಾದಲ್ಲಿ ಬಂದರು, ದಪ್ಪ ಮನುಷ್ಯ, ಒಳ್ಳೆಯ ಮುಖ, ಬಿಸಿಲಿಗೆ ಬೇಯುತ್ತಿದ್ದಾರೆ, ಜೊತೆಗೆ ಜವಾನ ಮೌಲಾಹುಸೇನ, ಕುಷ್ಟಗಿ ಕಡೆಯವ, ಕೈಯಲ್ಲಿ ಒಂದಾಳುದ್ದದ ಚೂಪು ಸಲಾಕೆ, ಅದನ್ನು ನೋಡಿ ನನ್ನ ಸಲಾಕೆ ನೆನಪಾಯಿತು, ಅವನೂ ನನ್ನ ಹಾಗೆ ನೆಲ ಬಡಿಯುವವನೇ. ಚೀಲ ಆ ಕಡಿ ಒಟ್ರಿ, ಭಾರ ಆ ತುದಿಗಿ ಇರಲಿ, ತೊಲಿ ಹೊಸದೈತಿ, ಎಂದು ಒಬ್ಬೊಬ್ಬರಿಗೂ ಹೇಳುತ್ತಾ ನಿಂತಿದ್ದೇನೆ, ಚೀಲಗಳೇನೋ ಆ ಕಡೆ ಬಿದ್ದವು, ತೊಲೆಯ ಬಾಲ ಗಟ್ಟಿಯಾಯಿತು, ಒಳ್ಳೆಯದಾಯಿತು, ಆದರೆ ನೆರಳು ಇರುವುದು ಈ ಮೂಲೆಯಲ್ಲಿ ಮಾತ್ರ, ಹಂಪವ್ವನ ಬೇವಿನಮರದ ನೆರಳು, ಇದನ್ನು ನಾನು ಯೋಚಿಸಿರಲೇ ಇಲ್ಲ, ಮರ, ನೆಲ, ತೊಲೆ, ಎಲ್ಲ ಲೆಕ್ಕ ಹಾಕಿದವನು ನೆರಳನ್ನು ಬಿಟ್ಟೆ — ಕುರ್ಚಿಯನ್ನು ಅಟ್ಟದ ಮೇಲೆ, ಆರನೇ ಕಂಬದ ನೇರ ಮೇಲೆ ಹಾಕಿಸಿ ಸಾಹೇಬರು ಕೂತುಬಿಟ್ಟರು. ಓರೆಗಟ್ಟಿಗೆ ಕಿರ್ ಎಂದಿತು. ನನಗೊಬ್ಬನಿಗೇ ಕೇಳಿಸಿತೇ. ಕಂಬದ ಬುಡದ ಸುತ್ತಿನ ಗರಸು ಒಂದು ಕಡಲೆಕಾಳಿನಷ್ಟು ಕೆಳಗಿಳಿಯಿತು, ಸಾಹೇಬರು ಕಾಲ ಮೇಲೆ ಕಾಲು ಹಾಕಿದಾಗ ಮತ್ತೆ ಒಂದಿಷ್ಟು, ಒಂದು ಗೇಣು ಗಾಳಿ ಬಿಟ್ಟಿದ್ದೇನೆ, ಬಾಗಿ ಬಾಗಿ ಅದು ತಳ ಮುಟ್ಟಿದರೆ ಮುಗಿಯಿತು. ಮನೆ ಮನೆ ಹುಡುಕಿದರು, ಹೆಚ್ಚಿನವರ ಮನೆಯಲ್ಲಿ ಏನೂ ಸಿಗಲಿಲ್ಲ, ಇಬ್ಬರ ಮನೆಯಲ್ಲಿ ಮಾತ್ರ ಸಿಕ್ಕಿತು, ಅವರ ಹೆಂಗಸರು ಅಳುತ್ತಾ ಚೀಲ ಹೊತ್ತು ತಂದರು, ಹುಡುಕುತ್ತಾ ಹುಡುಕುತ್ತಾ ಮೌಲಾಹುಸೇನ ಹಂಪವ್ವನ ಅಂಗಳಕ್ಕೆ ಬಂದ, ಬಾನಿಯ ಹತ್ತಿರ ನಿಂತ, ಇಲ್ಲೊಂದು ಹಗೇವ ಇತ್ತಂತಲ್ರಿ ಗೌಡ್ರ, ಇತ್ತಪ್ಪ, ಈಕಿ ಗಂಡ ಅದರಾಗ ಸತ್ತ, ಊರವರು ಮುಚ್ಚೀವಿ, ನೀವು ನೋಡೀರೇನ್ರಿ, ಆಗ ಗೌಡರಿದ್ದ ನಮ್ಮ ಅಪ್ಪಾಜಿ ಮುಚ್ಚಿಸಿದ್ರು. ಹಂಪವ್ವನ ಸಣ್ಣ ಮಗಳು ತಾಯಿಯ ಸೆರಗು ಹಿಡಿದು ಬಾನಿಯನ್ನೇ ನೋಡುತ್ತಿದ್ದಾಳೆ, ಆ ಕಡೆ ನೋಡಬ್ಯಾಡ ತಂಗಿ, ಆಕಾಶ ನೋಡು, ಎಂದು ಮನಸ್ಸಿನಲ್ಲೇ ಅಂದೆ. ಆಗ ಸಾಹೇಬರು ಮೇಲಿಂದ ನನ್ನನ್ನು ಕರೆದರು, ನೀನ ಅಲ್ಲೇನು ಇಲ್ಲಿ ಕುಣಿ ತೋಡಿದವ, ಗೋಡಿಗಿ ಹತ್ತಿ ತೋಡೀದಿ, ಕೆಳಗ ಪೊಳ್ಳಿತ್ತೇನು. ಊರೆಲ್ಲ ನನ್ನ ಮುಖ ನೋಡುತ್ತಿದೆ. ಮೂರು ಮೊಳ ಅಗದೀನ್ರಿ ಸಾಹೇಬ್ರ, ಗಟ್ಟಿ ಗರಸು, ಹಾರಿ ತಿರುಗಿ ಕೈಗಿ ಒದಿತಿತ್ರಿ, ಪೊಳ್ಳಿದ್ರ ಈ ಕಂಬ ನಿಮ್ಮನ್ನ ಹೊತಗೊಂಡು ನಿಲ್ತಿತ್ತೇನ್ರಿ. ಹೇಳಿ ಆರನೇ ಕಂಬವನ್ನು ಅಂಗೈಯಿಂದ ತಟ್ಟಿದೆ, ಎತ್ತಿನ ಬೆನ್ನು ತಟ್ಟಿದ ಹಾಗೆ. ಸಾಹೇಬರು ಎದ್ದು ನಿಂತು ಬೂಟುಗಾಲಿನಿಂದ ಹಲಗೆಗೆ ಒಂದು ಗುದ್ದು ಕೊಟ್ಟರು, ಇನ್ನೊಂದು ಕೊಟ್ಟರು, ಅಟ್ಟ ಅಲುಗಲಿಲ್ಲ, ಗರಸು ಕಡಲೆಕಾಳಿನಷ್ಟು ಇಳಿಯಿತು, ನಿಂತಿತು. ಗಟ್ಟಿ ಐತಿ, ಅಂದರು, ಮೌಲಾಹುಸೇನ, ಚಲ್. ಮೌಲಾಹುಸೇನ ಹೋಗುವಾಗ ಕಂಬದ ಬುಡ ನೋಡಿದ, ನನ್ನನ್ನು ನೋಡಿದ, ಅವನಿಗೆ ಗೊತ್ತಾಯಿತೇ, ಗೊತ್ತಾಗಿದ್ದರೆ ಯಾಕೆ ಸುಮ್ಮನಾದ, ಅವನ ಮನೆಯಲ್ಲೂ ನೆಲದೊಳಗೆ ಏನಾದರೂ ಇದೆಯೇ, ಟಾಂಗಾ ಹೊರಟಿತು, ಕೇಳಲಾಗಲಿಲ್ಲ.

ಎಲ್ಲ ಹೋದರು, ಬಿಸಿಲು ಅಟ್ಟದ ಅರ್ಧಕ್ಕೆ ಬಂದಿದೆ, ನಾನು ಅದರ ಕೆಳಗೆ ಕೂತಿದ್ದೇನೆ, ಬುಡದ ಗರಸಿಗೆ ಬೆರಳು ಹಾಕಿ ನೋಡಬೇಕು, ಎಷ್ಟು ಇಳಿದಿದೆ, ಇನ್ನೆಷ್ಟು ಗಾಳಿ ಉಳಿದಿದೆ, ತಿಳಿದುಕೊಳ್ಳಬೇಕು, ಎಷ್ಟು ಭಾರಕ್ಕೆ ಎಷ್ಟು ಬೆರಳು ಬಾಗುತ್ತದೆ ಅಂತ ಬರೆದಿಡಬೇಕು — ಹಂಪವ್ವ ಮೋಟುಗೋಡೆಯ ಮೇಲೆ ತಂಬಿಗೆ ಇಟ್ಟಳು, ಬೆಲ್ಲದ ತುಣುಕು ಇಟ್ಟಳು, ಯಣ್ಣ, ನೀರು ಕುಡಿ, ಕುಡಿದೆ, ಈ ಕಂಬ ನೆಲ ಮುಟ್ಟಿಲ್ಲ ಹೌದಿಲ್ಲ, ಹೌದವ್ವ, ನಿನಗ ಹೆಂಗ ಗೊತ್ತಾತು, ನೀ ಕಲ್ಲು ಬಡಿಯೋದು ಒಳಗ ಕೇಳತಿತ್ತು, ಮಣ್ಣು ಕುಟ್ಟಿದ್ರ ನಮ್ಮ ಗೋಡಿ ನಡಗತಿತ್ತು, ನಡಗಲಿಲ್ಲ. ನನ್ನಂಥ ಕಿವಿ ಇನ್ನೊಂದು ಊರಲ್ಲಿ ಇದೆ, ಇಷ್ಟು ವರ್ಷ ಪಕ್ಕದಲ್ಲೇ ಇತ್ತು, ನಗು ಬಂತು, ಅವಳಿಗೂ ಬಂದಿರಬೇಕು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಅಂದಳು, ಹದಿನೈದು ದಿನ ಬಿಟ್ಟು ಬಾನಿ ಸರಿಸಿ ಬಾಯಿ ತೆಗಿಯೋದೈತಿ, ಮನ್ಯಾಗ ಹಿಟ್ಟು ಮುಗಿಯಾಕ ಬಂತು, ಹಗ್ಗ ನೀನ ಹಿಡಿಬೇಕು. ಇಳಿಯೋರು ಯಾರವ್ವ. ನಾನ ಇಳಿತೀನಿ, ಹುಡುಗೇರನ್ನ ಇಳಸಂಗಿಲ್ಲ. ದುರುಗಪ್ಪ ಅದಾನ, ಗಟ್ಟಿ ಆಳು, ಅವನ ಹಿಡಿಲಿ, ಅಂದೆ. ಬ್ಯಾಡ, ಅಂದಳು, ಗೋಡೆಯ ಮೇಲೆ ಕೈ ಇಟ್ಟು, ಸಿಟ್ಟಿಲ್ಲದ ದನಿಯಲ್ಲಿ, ಅವ ದೀಪ ಆರೋದು ನೋಡಿಲ್ಲ, ನೀ ನೋಡೀದಿ, ಹೆಂಗ ಆರತೈತಿ ಅಂತ ನಿನಗ ಗೊತ್ತೈತಿ, ಈ ಸಲ ಖರೇ ಹೇಳತಿ. ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

ಈ ಸಲ ಅಂದಳು. ಈ ಸಲ. ಹನ್ನೆರಡು ವರ್ಷ ಗೊತ್ತಿತ್ತು ಅವಳಿಗೆ, ಚೌಕಟ್ಟು ತೆಗೆದುಕೊಂಡಳು, ನೇಗಿಲು ತೆಗೆದುಕೊಂಡಳು, ಏನೂ ಅನ್ನಲಿಲ್ಲ. ಬೇವಿನಮರ ಅಲುಗುತ್ತಿತ್ತು, ಹೌದು, ಮೇಲೆ ಗಾಳಿ ಇತ್ತು, ಮೇಲೆ — ದೀಪ ಆರಿದ್ದು ಮೇಲಲ್ಲ, ಎರಡಾಳು ಕೆಳಗೆ, ಅಲ್ಲಿ ಯಾವ ಗಾಳಿ. ಒಳಗೆ ಗೋಡೆ ಅಷ್ಟು ಗುಂಡಗೆ ಹೇಗೆ ತೋಡಿದ್ದಾರೆ ಎಂದು ನೋಡುವ ಆಸೆ ನನಗೆ, ಅವನು ಇಳಿದರೆ ಅವನ ಹಿಂದೆ ನಾನು ಇಳಿಯಬೇಕು, ನಾಳೆಯವರೆಗೆ ಕಾಯಲು ಮನಸ್ಸಿಲ್ಲ, ಅದಕ್ಕೇ, ಅಷ್ಟಕ್ಕೇ, ಇಳಿ ಅಂದೆ. ಹಗ್ಗ ನನ್ನ ಕೈಯಲ್ಲಿತ್ತು, ಗುಂಡಿನ ದಾರ ಹಿಡಿಯುವ ಕೈ, ದಾರ ಕೂದಲೆಳೆಯಷ್ಟು ಅಲುಗಿದರೂ ಗೊತ್ತಾಗುವ ಕೈ. ದೀಪ ಇಳಿಯಿತು. ಇಳಿಯಿತು. ಉರಿ ಬಗ್ಗಿತು, ನೀಲಿಯಾಯಿತು, ಆರಿತು. ಹಗ್ಗ ನೆಟ್ಟಗೆ ನಿಂತಿತ್ತು. ಗಾಳಿಯಾಗಿದ್ದರೆ ಹಗ್ಗ ತೂಗಬೇಕಿತ್ತು. ಆರಿದ ದೀಪ, ಅದರ ಮೇಲೆ ಹಗ್ಗ, ನೆಟ್ಟಗೆ. ಆರಿದ ದೀಪ. ಹಗ್ಗ ನೆಟ್ಟಗೆ ನಿಂತಿತ್ತು.